ಹಿಂದುಳಿದವರು ಯಾರು?

ಹೆಬ್ಬಾಳದ ಫ್ಲೈಓವರ್ ಇಳಿದು ಸ್ವಲ್ಪ ದೂರ ನಡೆದರೆ ಸಿಗುವ ಒಂದು ಡಿಗ್ರಿ ಕಾಲೇಜಿನಲ್ಲಿ ನಾವು ಬಿಬಿಎ ಓದಿದೆವು. ನಾವು ಅಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ದೊಡ್ಡಬಳ್ಳಾಪುರದ ಕಡೆಯ ಕೇರಿಗಳಿಂದ ಬಸ್ಸು ಹತ್ತಿ ಬಂದವರು. ಹಾಸ್ಟೆಲಿನ ಅನ್ನ ಉಂಡವರು. ಡಿಗ್ರಿ ಎಂಬ ಮಾತನ್ನು ಮನೆಯೊಳಕ್ಕೆ ಮೊದಲ ಸಲ ತಂದವರು. ನಮಗೊಂದು ಪೇಪರ್ ಇತ್ತು: ಇನ್ನೊವೇಷನ್ ಮ್ಯಾನೇಜ್‌ಮೆಂಟ್. ನೋಟ್ ಪುಸ್ತಕದಲ್ಲಿ ಕನ್ನಡದಲ್ಲಿ ‘ನಾವೀನ್ಯ ನಿರ್ವಹಣೆ’ ಅಂತ ಬರೆದುಕೊಂಡೆವು. ಹೊಸದನ್ನು ಹುಟ್ಟಿಸುವುದು ಹೇಗೆ, ಹುಟ್ಟಿದ್ದನ್ನು ಜನರಲ್ಲಿ ಹರಡುವುದು ಹೇಗೆ, ಅದರಿಂದ ಲಾಭ ತೆಗೆಯುವುದು ಹೇಗೆ ಅಂತ ಹೇಳಿಕೊಡುವ ಪಾಠ.

ಹಬ್ಬಕ್ಕೆ ಊರಿಗೆ ಹೋದಾಗ ತಾತ ಕೇಳಿದರು, “ಅದೇನ್ಲಾ ಮಗ ನೀನು ಓದೋದು?”

“ಹೊಸದನ್ನ ಹೆಂಗೆ ತರಬೇಕು ಅಂತ ಹೇಳ್ಕೊಡ್ತಾರೆ ತಾತ.”

“ಹೊಸದು ಬತ್ತದೆ ಬುಡು. ಬಂದಿದ್ದು ಯಾರ ತಲೆ ಮ್ಯಾಲೆ ಬೀಳ್ತದೆ ಅಂತ ಹೇಳ್ಕೊಟ್ರಾ?”

ನಮ್ಮ ಸಿಲಬಸ್ಸಿನಲ್ಲಿ ಆ ಪ್ರಶ್ನೆ ಇರಲಿಲ್ಲ. ಈ ಬರಹ ತಾತನಿಗೆ ಉತ್ತರ ಹೇಳುವ ಒಂದು ಪ್ರಯತ್ನ.

ಆ ಪಾಠದಲ್ಲಿ ಒಂದು ದಿನ ಮೇಷ್ಟ್ರು ಬೋರ್ಡಿನ ಮೇಲೆ ಗಂಟೆಯಾಕಾರದ ಒಂದು ಗೆರೆ ಎಳೆದರು. ಎವರೆಟ್ ರೋಜರ್ಸ್ ಎಂಬ ಅಮೆರಿಕದ ಗ್ರಾಮೀಣ ಸಮಾಜಶಾಸ್ತ್ರಜ್ಞ 1962ರಲ್ಲಿ ತಂದ ಪುಸ್ತಕದ ಗೆರೆ ಅದು. ಹೊಸದೊಂದು ಬಂದಾಗ ಅದನ್ನು ಎಲ್ಲರಿಗಿಂತ ಮೊದಲು ಹಿಡಿಯುವವರು ನೂರಕ್ಕೆ ಎರಡೂವರೆ ಮಂದಿ. ಅವರ ಹಿಂದೆ ಬೇಗ ಒಪ್ಪುವವರು ಹದಿಮೂರೂವರೆ. ನಡುವೆ ಮೂವತ್ನಾಲ್ಕು ಮತ್ತು ಮೂವತ್ನಾಲ್ಕು. ಕಟ್ಟಕಡೆಗೆ ಹದಿನಾರು. ಆ ಹದಿನಾರಕ್ಕೆ ಇಂಗ್ಲಿಷಿನಲ್ಲಿ ‘ಲ್ಯಾಗರ್ಡ್ಸ್’ ಅಂತ ಹೆಸರು. “ಕನ್ನಡದಲ್ಲಿ ಏನಂತೀರ್ರಪ್ಪಾ?” ಅಂದರು ಮೇಷ್ಟ್ರು. ಮುಂದಿನ ಬೆಂಚಿನಿಂದ ಥಟ್ಟನೆ ಉತ್ತರ ಬಂತು: “ಹಿಂದುಳಿದವರು ಸಾರ್.”

ಹಿಂದಿನ ಬೆಂಚಿನಲ್ಲಿದ್ದ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮಲ್ಲಿ ಅರ್ಧ ಜನರ ಜಾತಿ ಪ್ರಮಾಣಪತ್ರದ ಮೇಲೆ ಅದೇ ಪದ. ಇನ್ನರ್ಧ ಜನರ ಮೇಲೆ ಬೇರೆ ಪದ. ಊರು ನಮ್ಮನ್ನು ನೋಡುವಾಗ ಎರಡಕ್ಕೂ ಒಂದೇ ಕಣ್ಣು. ಮೇಷ್ಟ್ರು ಕೆಟ್ಟವರಲ್ಲ. ಉತ್ತರ ಹೇಳಿದ ಗೆಳೆಯನೂ ಕೆಟ್ಟವನಲ್ಲ. ಅವರು ಶಬ್ದಕೋಶದ ಅರ್ಥ ಹೇಳಿದ್ದರು, ಅಷ್ಟೆ. ಆದರೆ ಪ್ರಶ್ನೆ ಇರುವುದೇ ಅಲ್ಲಿ. ಹಿಂದುಳಿಯುವುದು ಮನುಷ್ಯನ ಗುಣವೋ, ಮನುಷ್ಯನನ್ನು ನಿಲ್ಲಿಸಿದ ಜಾಗವೋ?

ಹಳ್ಳಿಯ ಮೇಷ್ಟ್ರುಗಳು ಈ ಪತ್ರಿಕೆ ಓದುತ್ತಾರೆ. ವ್ಯಾಕರಣ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ‘ಉಳಿ’ ಎಂಬ ಧಾತುವಿಗೆ ‘ಇಸು’ ಹತ್ತಿದರೆ ‘ಉಳಿಸು’ ಆಗುತ್ತದೆ. ಹಿಂದೆ ಉಳಿದರು ಅಂದರೆ ತಾವಾಗಿ ಉಳಿದರು. ಹಿಂದೆ ಉಳಿಸಿದರು ಅಂದರೆ ಉಳಿಸಿದವನು ಒಬ್ಬ ಬೇರೆ ಇದ್ದಾನೆ. ಒಂದು ಪ್ರತ್ಯಯ ಸೇರಿದ ಕೂಡಲೇ ವಾಕ್ಯದ ಕರ್ತೃವೇ ಬದಲಾಗುತ್ತಾನೆ. ‘ಹಿಂದುಳಿದವರು’ ಎಂಬ ಪದ ಆ ಕರ್ತೃವನ್ನು ವಾಕ್ಯದಿಂದ ಜಾರಿಸಿಬಿಡುತ್ತದೆ. ಸಾವಿರಾರು ವರ್ಷದಿಂದ ನಡೆದು ಬಂದಿರುವ ಹುನ್ನಾರವೇ ಇದು.

ಈ ಗೆರೆಯ ಮೂಲಕ್ಕೆ ಹೋಗೋಣ. ರೋಜರ್ಸನಿಗೂ ಮೊದಲು, 1943ರಲ್ಲಿ, ರಯಾನ್ ಮತ್ತು ಗ್ರಾಸ್ ಎಂಬಿಬ್ಬರು ಅಮೆರಿಕದ ಅಯೋವಾ ರಾಜ್ಯದ 259 ರೈತರು ಹೈಬ್ರಿಡ್ ಜೋಳವನ್ನು ಯಾವಾಗ ಬಿತ್ತಿದರು ಅಂತ ಕೇಳಿ ಬರೆದಿದ್ದರು. ಇಬ್ಬರನ್ನು ಬಿಟ್ಟು ಎಲ್ಲರೂ ಕೊನೆಗೆ ಬಿತ್ತಿದ್ದರು. ಮೊದಲು ಬಿತ್ತಿದವರು ಎಂಥವರು? ಹೊಲ ದೊಡ್ಡದಿದ್ದವರು. ವರಮಾನ ಹೆಚ್ಚಿದ್ದವರು. ಹೆಚ್ಚು ಓದಿದ್ದವರು. ಪಟ್ಟಣಕ್ಕೆ ಹೋಗಿ ಬರುತ್ತಿದ್ದವರು. ಅಂದರೆ ಮೊದಲಿಗನ ತಲೆಯಲ್ಲಿ ವಿಶೇಷ ಮಿದುಳೇನೂ ಇರಲಿಲ್ಲ, ಅವನ ಕಣಜದಲ್ಲಿ ಕಾಳಿತ್ತು. ಬಿತ್ತಿದ್ದು ಕೈಕೊಟ್ಟರೆ ಅವನಿಗೆ ಒಂದು ಮೂಲೆಯ ಬೆಳೆ ಹೋಗುತ್ತದೆ. ಇಲ್ಲದವನಿಗೆ ಒಂದು ವರ್ಷವೇ ಹೋಗುತ್ತದೆ. ಧೈರ್ಯ ಎಂದು ಪುಸ್ತಕ ಹೊಗಳುವುದರಲ್ಲಿ ಎಷ್ಟು ಪಾಲು ಧೈರ್ಯ, ಎಷ್ಟು ಪಾಲು ಆಸ್ತಿ ಅಂತ ತೂಗಿ ನೋಡಿದವರು ಯಾರು?

ಈ ಪಾಠ ಹೆಬ್ಬಾಳಕ್ಕೆ ಹೊಸದಲ್ಲ. ಟೆಕ್ ಪಾರ್ಕುಗಳು ಏಳುವುದಕ್ಕೆ ಎಷ್ಟೋ ಮುಂಚೆ, 1899ರಲ್ಲೇ, ಮೈಸೂರು ಸಂಸ್ಥಾನ ಇಲ್ಲಿ 30 ಎಕರೆಯಲ್ಲಿ ಕೃಷಿ ಪ್ರಯೋಗದ ತೋಟ ಮಾಡಿತು. 1946ರಲ್ಲಿ ಕೃಷಿ ಕಾಲೇಜು ಬಂತು, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ. ಕೃಷಿ ಪದವಿಯ ವಿಸ್ತರಣಾ ಶಿಕ್ಷಣದ ಪಾಠದಲ್ಲಿ ಇದೇ ಐದು ಗುಂಪುಗಳನ್ನು ಇವತ್ತಿಗೂ ಕಲಿಯುತ್ತಾರೆ. ನಾವು ಬಿಬಿಎಯಲ್ಲಿ ಮೊಬೈಲು, ಆ್ಯಪು ಎಂದು ಓದಿದ್ದು ಮೊದಲು ಬೀಜ, ಗೊಬ್ಬರದ ಪಾಠವಾಗಿತ್ತು. ಅಂದರೆ ಆ ಗೆರೆಯ ಮೇಲೆ ಮೊದಲು ನಿಲ್ಲಿಸಿದ್ದು ನಮ್ಮ ತಾತಂದಿರಂಥವರನ್ನೇ.

ಹಾಗಾದರೆ ನಮ್ಮ ತಾತ ಎಲ್ಲಿ ನಿಂತರು? ಅವರಿಗಿದ್ದದ್ದು ದರಖಾಸ್ತಿನಲ್ಲಿ ಸಿಕ್ಕ ಎರಡು ಎಕರೆ ಖುಷ್ಕಿ. ಇಂಡಾಫ್ ಎಂಬ ಹೊಸ ರಾಗಿ ಬಂದ ಕಾಲ. ಜೀಪು ಅರಳೀಕಟ್ಟೆ ತನಕ ಬಂದು ತಿರುಗಿತು, ಕೇರಿಗೆ ಬರಲಿಲ್ಲ. ರಸ್ತೆ ಪಕ್ಕದ ದೊಡ್ಡ ಹೊಲದವರು ಮೊದಲು ಬಿತ್ತಿದರು. ಮೊದಲ ವರ್ಷ ತಾತ ಬದುವಿನ ಮೇಲೆ ನಿಂತು ನೋಡಿದರು. ಎರಡನೆಯ ವರ್ಷ ಅದೇ ಹೊಲದಲ್ಲಿ ಕೂಲಿಗೆ ಕೊಯ್ಲು ಕೊಯ್ದರು. ತೆನೆಯನ್ನು ಅಂಗೈಯಲ್ಲಿಟ್ಟು ತೂಗಿದರು. ಹುಲ್ಲನ್ನು ದನ ಬಾಯಿಗೆ ಹಾಕುತ್ತದಾ ಅಂತ ನೋಡಿದರು. ಕೂಲಿಗೆ ಕೊಟ್ಟ ರಾಗಿಯನ್ನು ಬೀಸಿ, ಮುದ್ದೆ ಕಟ್ಟಿ ಹೊಟ್ಟೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಅಜ್ಜಿ ನೋಡಿದರು. ಆಮೇಲೆ ಆ ಕೂಲಿಯ ಕಾಳಿನಲ್ಲೇ ಒಂದಿಷ್ಟು ಎತ್ತಿಟ್ಟು, ಮೂರನೆಯ ವರ್ಷ ಅರ್ಧ ಎಕರೆಗೆ ಬಿತ್ತಿದರು. ನಾಲ್ಕನೆಯ ವರ್ಷ ಎರಡು ಎಕರೆಗೂ.

ಪುಸ್ತಕದ ಲೆಕ್ಕದಲ್ಲಿ ತಾತ ತಡವಾದವರು, ಲ್ಯಾಗರ್ಡ್. ಆದರೆ ಗೆಳೆಯರೆ, ಅವರು ಮಾಡಿದ್ದೇನು? ಬೆಳೆ ನೋಡಿದರು, ತೂಕ ನೋಡಿದರು, ಮೇವು ನೋಡಿದರು, ಹಿಟ್ಟು ನೋಡಿದರು, ಚಿಕ್ಕ ಜಾಗದಲ್ಲಿ ಮಾಡಿ ನೋಡಿ ಆಮೇಲೆ ದೊಡ್ಡದಕ್ಕೆ ಕೈಹಾಕಿದರು. ಯಾವ ಪ್ರಯೋಗಶಾಲೆ ಇದಕ್ಕಿಂತ ಹೆಚ್ಚು ಮಾಡುತ್ತದೆ? ಅವರ ಹತ್ತಿರ ಸೋಲುವುದಕ್ಕೆ ದುಡ್ಡಿರಲಿಲ್ಲ. ಆದ್ದರಿಂದ ಸೋಲದ ಹಾಗೆ ಯೋಚಿಸಿದರು. ಆ ಯೋಚನೆಗೆ ಪಠ್ಯದಲ್ಲಿ ಹೆಸರಿಲ್ಲ. ಹೆಸರಿಲ್ಲದ್ದಕ್ಕೆ ಸೋಮಾರಿತನ ಎಂಬ ಹೆಸರು ಬಂತು.

ಆ ರಾಗಿಯ ಕತೆಯಲ್ಲಿ ಇನ್ನೊಂದು ಪಾಠವಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ಇಂಡಿಯಾದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ತೆಗೆದ ತಳಿಗಳು ಅವು. ಎರಡು ನೆಲದ ಹೆಸರು ಸೇರಿ ಇಂಡಾಫ್ ಆಯಿತು. ರಾಗಿಯ ಹೂವು ತೀರಾ ಚಿಕ್ಕದು, ತನ್ನಲ್ಲೇ ತಾನು ಕಾಳು ಕಟ್ಟುವಂಥದು. ಅದನ್ನು ಸಂಕರ ಮಾಡುವುದು ಸೂಕ್ಷ್ಮದ ಕೆಲಸ. ಅಕ್ಕಿ ಗೋಧಿಯ ಹಿಂದೆ ದೇಶ ಓಡುತ್ತಿದ್ದ ಕಾಲದಲ್ಲಿ ಬಡವರ ಕಾಳಿನ ಮುಂದೆ ಕೂತು, ಸರ್ಕಾರದ ಸಂಬಳದಲ್ಲಿ, ಅವರು ಆ ಕೆಲಸ ಮಾಡಿದರು. ತನ್ನಲ್ಲೇ ಕಾಳು ಕಟ್ಟುವ ಬೆಳೆ ಆದ್ದರಿಂದ ಈ ವರ್ಷದ ರಾಗಿಯೇ ಮುಂದಿನ ವರ್ಷದ ಬೀಜ. ಹಾಗಾಗಿಯೇ ಅದು ಕೂಲಿಯ ಸೇರಿನಲ್ಲಿ ಕೂತು ಕೇರಿಗೆ ಬಂತು. ಹೈಬ್ರಿಡ್ ಮುಸುಕಿನ ಜೋಳ ಹಾಗಲ್ಲ. ಅದನ್ನು ಎತ್ತಿಟ್ಟು ಬಿತ್ತಿದರೆ ಮೊದಲಿನ ಇಳುವರಿ ಬರುವುದಿಲ್ಲ, ಪ್ರತಿ ವರ್ಷ ಅಂಗಡಿಗೆ ಹೋಗಬೇಕು. ಎರಡೂ ಹೊಸದೇ. ಒಂದು ಹೊಸದು ಬೀಜವನ್ನು ಬೆಳೆದವನ ಮಡಕೆಯಲ್ಲೇ ಬಿಡುತ್ತದೆ, ಇನ್ನೊಂದು ಕಂಪನಿಯ ಚೀಲದಲ್ಲಿ ಇಡುತ್ತದೆ. ಎರಡನೆಯದರಲ್ಲಿ ಇಳುವರಿ ಹೆಚ್ಚಿರಬಹುದು, ಅದನ್ನು ಬೇಡ ಅನ್ನುತ್ತಿಲ್ಲ. ಆದರೆ ಈ ಭೇದ ನೀತಿಯ ಭೇದ. ಇದನ್ನು ಕಲಿಸದ ನಿರ್ವಹಣೆ ಬರೀ ವ್ಯಾಪಾರ.

ರೋಜರ್ಸನ ಬಗ್ಗೆ ಅನ್ಯಾಯದ ಮಾತಾಡಬಾರದು. ಆತ ತನ್ನ ತಪ್ಪನ್ನು ತಾನೇ ಬರೆದುಕೊಂಡ ಮನುಷ್ಯ. ಹೊಸದೆಲ್ಲ ಒಳ್ಳೆಯದೆಂದು ಮೊದಲೇ ನಂಬಿಬಿಡುವುದು, ಒಪ್ಪದವನಲ್ಲೇ ದೋಷ ಹುಡುಕುವುದು, ಇವೆರಡೂ ತನ್ನ ಶಾಸ್ತ್ರದ ರೋಗಗಳು ಅಂತ ಆಮೇಲಿನ ಮುದ್ರಣಗಳಲ್ಲಿ ಒಪ್ಪಿಕೊಂಡ. 1954ರಲ್ಲಿ ಅಯೋವಾದಲ್ಲಿ ಆತ ಕಂಡ ಒಬ್ಬ ರೈತ ಔಷಧಿ, ಗೊಬ್ಬರ ಎಲ್ಲ ಬೇಡ ಎಂದಿದ್ದ. ಎರೆಹುಳು ಸಾಯುತ್ತವೆ, ಹಕ್ಕಿಗಳು ಸಾಯುತ್ತವೆ ಎಂದಿದ್ದ. ಅವನನ್ನು ಆಗ ಲ್ಯಾಗರ್ಡ್ ಎಂದು ಬರೆದೆ, ಈಗ ನೋಡಿದರೆ ಸಾವಯವ ಕೃಷಿಯಲ್ಲಿ ಅವನು ಎಲ್ಲರಿಗಿಂತ ಮುಂದಿದ್ದ, ಎಂದು ರೋಜರ್ಸ್ ಹೇಳಿಕೊಂಡಿದ್ದಾನೆ. ನಮ್ಮಲ್ಲೂ ನೋಡಿ. ಮುದ್ದೆ ತಿನ್ನುವವರು ಒರಟರು ಅನ್ನಿಸಿಕೊಂಡಿದ್ದರು. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. ಅದೇ ರಾಗಿ ಬಣ್ಣದ ಡಬ್ಬಿಯಲ್ಲಿ ಮಾಲಿಗೆ ಬಂತು. ಡಬ್ಬಿ ಮಾಡಿದವನು ಇನ್ನೊವೇಟರ್. ಅಲ್ಲಿವರೆಗೆ ಬೆಳೆದು, ತಿಂದು, ಕಾಪಾಡಿದವರಿಗೆ ಏನು ಹೆಸರು?

ಆದರೆ ನಮ್ಮ ಮೇಷ್ಟ್ರ ಬೋರ್ಡಿಗೆ ರೋಜರ್ಸನ ಗೆರೆ ಬಂತು, ಅವನ ಪಶ್ಚಾತ್ತಾಪ ಬರಲಿಲ್ಲ. ಆ ಗೆರೆಯ ಒಳಗೊಂದು ಲೆಕ್ಕವೂ ಇದೆ. ಸರಾಸರಿಯಿಂದ ಇಷ್ಟಿಷ್ಟು ದೂರ ಅಂತ ಗೆರೆಯನ್ನು ಕತ್ತರಿಸಿದ್ದರಿಂದ ಬಂದ ಸಂಖ್ಯೆಗಳು ಅವು. ಅಂದರೆ ಎಲ್ಲರೂ ಎಷ್ಟೇ ಬೇಗ ಓಡಲಿ, ಕಡೆಯ ಹದಿನಾರು ಮಂದಿ ಇದ್ದೇ ಇರಬೇಕು. ಗೆರೆಯೇ ಅವರನ್ನು ಹುಟ್ಟಿಸುತ್ತದೆ. ಕಡೆಯವರಿಲ್ಲದೆ ಮೊದಲಿಗನಿಗೆ ಹೆಸರಿಲ್ಲ. ಇಂಥ ಇನ್ನೊಂದು ಗೆರೆ ನಮಗೆ ಗೊತ್ತು. ಅದನ್ನು ಯಾರೂ ಬೋರ್ಡಿನ ಮೇಲೆ ಬರೆಯಬೇಕಾಗಿಲ್ಲ, ಊರಿಗೂ ಕೇರಿಗೂ ನಡುವೆ ಎಳೆದಿದ್ದಾರೆ. ಒಂದು ವ್ಯತ್ಯಾಸ ಮಾತ್ರ ಉಂಟು. ಪುಸ್ತಕದ ಗೆರೆಯಲ್ಲಿ ಇವತ್ತು ಹಿಂದಿದ್ದವನು ನಾಳೆ ಇನ್ನೊಂದರಲ್ಲಿ ಮುಂದೆ ಬರಬಹುದು. ಊರಿನ ಗೆರೆಯಲ್ಲಿ ಜಾಗವನ್ನು ಹುಟ್ಟೇ ತೀರ್ಮಾನಿಸುತ್ತದೆ.

ಹಾಗಂತ ನಾವು ಹಳೆಯದನ್ನು ಹಾಡಿ ಹೊಗಳುವವರಲ್ಲ. ಹಳೆಯದರಲ್ಲಿ ನಮಗಿದ್ದದ್ದೇನು? ಹೊಟೇಲಿನಲ್ಲಿ ಬೇರೆ ಲೋಟ, ಬಾವಿಗೆ ಬೇರೆ ದಾರಿ. ಹೊಸದರ ಹಸಿವು ನಮಗಿರುವಷ್ಟು ಇನ್ಯಾರಿಗಿದೆ? ಒಂದೇ ಸೀಟಿನಲ್ಲಿ ಕೂರಿಸುವ ಬಸ್ಸು ಬಂದಾಗ ಮೊದಲು ಒಪ್ಪಿದವರು ನಾವು. ಎಲ್ಲರಿಗೂ ಒಂದೇ ಕೊಳಾಯಿ, ಎಲ್ಲ ಮಕ್ಕಳಿಗೂ ಒಂದೇ ಶಾಲೆ, ತಲೆಗೊಂದು ಓಟು, ಇವುಗಳನ್ನು ಎರಡೂ ಕೈ ಚಾಚಿ ಬರಮಾಡಿಕೊಂಡವರು ನಾವು. 1927ರ ಮಾರ್ಚಿನಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ್ದಕ್ಕಿಂತ ಹೊಸದು ಈ ದೇಶದಲ್ಲಿ ಯಾವುದಿತ್ತು? ಅದನ್ನು ಕೊನೆಯವರೆಗೂ ಒಪ್ಪದೆ ಕೆರೆಗೆ ಗಂಜಲ ಸುರಿದು ಶುದ್ಧಿ ಮಾಡಿದವರು ಯಾರು? ಮುಟ್ಟು ತಟ್ಟು ಬಿಡುವುದರಲ್ಲಿ ಲ್ಯಾಗರ್ಡ್ಸ್ ಯಾರು? ಗೆರೆ ಅದೇ ಇರಲಿ, ಅಳೆಯುವ ವಸ್ತು ಬದಲಾಯಿಸಿ ನೋಡಿ. ಮುಂದಿನ ಬೆಂಚು ಹಿಂದಕ್ಕೆ ಬರುತ್ತದೆ.

ಇದೇ ಹೆಬ್ಬಾಳದಲ್ಲಿ ನಿಂತು ಅಳೆಯೋಣ. ಬೆಂಗಳೂರಿನ ಕೊಳಚೆ ಹರಿಯುವ ಮೂರು ದೊಡ್ಡ ಕಣಿವೆಗಳಲ್ಲಿ ಹೆಬ್ಬಾಳ ಒಂದು. ಉಳಿದವು ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ. ಆ ಕೊಳಚೆ ಹರಿಯುವ ಕೊಳವೆ ಕಟ್ಟಿಕೊಂಡರೆ ಅದರೊಳಗೆ ಇಳಿಯುವ ಮನುಷ್ಯ ಯಾರೆಂದು ಎಲ್ಲರಿಗೂ ಗೊತ್ತು. ಕರ್ನಾಟಕದಲ್ಲಿ 1970ರ ದಶಕದಲ್ಲೇ, ದೇವರಾಜ ಅರಸರ ಸರ್ಕಾರದ ಸಚಿವರಾಗಿ, ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅದು ಯಾವ ಯಂತ್ರಕ್ಕೂ ಕಡಿಮೆಯಿಲ್ಲದ ಹೊಸತು. ಅವರಿಗೆ ಸಿಕ್ಕಿದ್ದೇನು? 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಆಡಿದ ‘ಬೂಸಾ’ ಮಾತಿಗೆ ಬೀದಿ ಬೀದಿಯಲ್ಲಿ ಗಲಾಟೆಯಾಗಿ ಮಂತ್ರಿ ಪದವಿ ಹೋಯಿತು. 1993ರಲ್ಲಿ ಕೇಂದ್ರದ ಕಾನೂನು ಬಂತು. 2013ರಲ್ಲಿ ಅದಕ್ಕಿಂತ ಗಟ್ಟಿಯಾದ ಇನ್ನೊಂದು ಬಂತು. 2014ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಸತ್ತವರ ಮನೆಗೆ 10 ಲಕ್ಷ ಕೊಡಿ ಎಂದಿತು. 2017ರ ಮಾರ್ಚಿನಲ್ಲಿ ನಮ್ಮ ಬೆಂಗಳೂರಿನ ಕಗ್ಗದಾಸಪುರದಲ್ಲಿ ಮ್ಯಾನ್‌ಹೋಲಿಗೆ ಇಳಿದ ಮೂವರು ಮೇಲೆ ಬರಲಿಲ್ಲ. 2023ರ ಅಕ್ಟೋಬರಿನಲ್ಲಿ ಅದೇ ಕೋರ್ಟು 10 ಲಕ್ಷವನ್ನು 30 ಲಕ್ಷ ಮಾಡಬೇಕಾಯಿತು. ಸಾವು ನಿಂತಿದ್ದರೆ ದರ ಏರಿಸುವ ಅಗತ್ಯ ಯಾಕೆ ಬರುತ್ತಿತ್ತು?

ಯಂತ್ರ ಇಲ್ಲದ್ದಕ್ಕೆ ಹೀಗಾಯಿತು ಅನ್ನಬೇಡಿ. 2015ರಲ್ಲಿ ಕೋಳಿಕ್ಕೋಡಿನಲ್ಲಿ ಮ್ಯಾನ್‌ಹೋಲಿಗೆ ಇಳಿದ ಇಬ್ಬರು ಕಾರ್ಮಿಕರೂ ಅವರನ್ನು ಉಳಿಸಲು ಹೋದ ಆಟೋ ಡ್ರೈವರೂ ಸತ್ತ ಮೇಲೆ, ಕೇರಳದ ಯುವ ಇಂಜಿನಿಯರುಗಳು ‘ಬ್ಯಾಂಡಿಕೂಟ್’ ಎಂಬ ಯಂತ್ರ ಮಾಡಿದರು. 2018ರಲ್ಲಿ ತಿರುವನಂತಪುರದಲ್ಲಿ ಅದು ಕೆಲಸಕ್ಕಿಳಿಯಿತು. ಆಗಿನ್ನೂ ಕಾಲೇಜು ಬಿಟ್ಟು ಹೆಚ್ಚು ದಿನವಾಗಿರದ ಹುಡುಗರು ಅವರು. ಪದವಿಯ ಓದು ಹೀಗೂ ಆಗಬಹುದು ಅನ್ನುವುದಕ್ಕೆ ನಮಗೆ ಗೊತ್ತಿರುವ ಅತ್ಯುತ್ತಮ ಸಾಕ್ಷಿ ಅದು. ಶುಂಪೀಟರ್ ಎಂಬ ಅರ್ಥಶಾಸ್ತ್ರಜ್ಞ, ಕಂಡುಹಿಡಿಯುವುದು ಬೇರೆ, ಕಂಡದ್ದನ್ನು ಸಮಾಜದಲ್ಲಿ ಕೆಲಸಕ್ಕೆ ಹಚ್ಚುವುದು ಬೇರೆ ಎಂದು ಭೇದ ಮಾಡಿದ. ನಮ್ಮ ಪೇಪರಿನ ಮೊದಲ ಪಾಠ ಅದು. ಯಂತ್ರವನ್ನು ಕಂಡುಹಿಡಿದಾಗಿದೆ. ಕೆಲಸಕ್ಕೆ ಹಚ್ಚಲು ತಡವೇಕೆ? ಅಗ್ಗದ ಮನುಷ್ಯ ಸಿಗುವ ತನಕ ದುಬಾರಿ ಯಂತ್ರ ಯಾರಿಗೆ ಬೇಕು? ಆ ಮನುಷ್ಯನನ್ನು ಅಗ್ಗ ಮಾಡಿಟ್ಟದ್ದು ಮಾರುಕಟ್ಟೆಯಲ್ಲ, ಜಾತಿ.

ಬಾಬಾಸಾಹೇಬರು 1936ರಲ್ಲೇ, ಜಾತಿ ಕೆಲಸವನ್ನು ಹಂಚುವುದಿಲ್ಲ, ಕೆಲಸಗಾರರನ್ನು ಒಡೆದು ಮೇಲುಕೀಳು ಮಾಡುತ್ತದೆ ಎಂದು ತೋರಿಸಿಕೊಟ್ಟರು. ಹೊಸದರ ಪ್ರಶ್ನೆಗೆ ಇದನ್ನು ಹಚ್ಚಿ ನೋಡಿ. ಚರಂಡಿಯಲ್ಲಿ ಕೈಯಿಟ್ಟವನಿಗೆ ಆ ಕೆಲಸದ ಕಷ್ಟ ಗೊತ್ತು, ಸಲಕರಣೆ ಬದಲಾಯಿಸುವ ಅಧಿಕಾರವಿಲ್ಲ. ಅಧಿಕಾರ ಇರುವವನ ಕೈ ಎಂದೂ ಚರಂಡಿಗೆ ಇಳಿದಿಲ್ಲ. ಕೈಯನ್ನೂ ತಲೆಯನ್ನೂ ಬೇರೆ ಬೇರೆ ಕೇರಿಯಲ್ಲಿಟ್ಟ ಸಮಾಜದಲ್ಲಿ ಹೊಸದು ಹುಟ್ಟುವುದು ಹೇಗೆ? ಹುಟ್ಟಿದರೂ ಅದಕ್ಕೆ ಲೆಕ್ಕವಿಲ್ಲ. ಹಸಿ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಕಳೆದು, ತಂಗಡಿ ಚಕ್ಕೆಯ ರಸದಲ್ಲಿ ಹದ ಮಾಡಿ, ಕೊಳೆಯುವುದನ್ನು ಕೊಳೆಯದ ಹಾಗೆ ಮಾಡಿದ್ದು ರಸಾಯನಶಾಸ್ತ್ರವಲ್ಲವೇ? ಅದನ್ನು ಕಂಡವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಮೆಟ್ಟು ಎಲ್ಲರ ಕಾಲಿಗೂ ಹೋಯಿತು. ಮೆಟ್ಟು ಮಾಡಿದವನು ಮಾತ್ರ ಹೊಸ್ತಿಲಾಚೆಗೇ ಉಳಿದ.

ಈಗ ತಾತನ ಪ್ರಶ್ನೆಗೆ ಬರೋಣ. ಬಂದ ಹೊಸದು ಯಾರ ತಲೆಯ ಮೇಲೆ ಬೀಳುತ್ತದೆ? ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯಲ್ಲಿ ದಿನಕ್ಕೆ 21 ಕೋಟಿ ಲೀಟರ್ ಸಂಸ್ಕರಿಸಿದ ಕೊಳಚೆ ನೀರನ್ನು ನಮ್ಮ ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಹರಿಸುವುದು ಗುರಿ. ಬತ್ತಿದ ಕೆರೆಗೆ ನೀರು ಬಂದರೆ ಸಂತೋಷವೇ. ಆದರೆ ಎರಡು ಹಂತದ ಶುದ್ಧಿ ಸಾಲದು, ಮೂರನೆಯ ಹಂತವೂ ಬೇಕು ಎಂದು ರೈತರು ಕೂಗುತ್ತಲೇ ಬಂದಿದ್ದಾರೆ. ಪ್ರಯೋಗ ಪಟ್ಟಣದ್ದು, ಬೋರ್‌ವೆಲ್ ನೀರು ಕುಡಿಯುವ ಬಾಯಿ ಹಳ್ಳಿಯದ್ದು. ಓದಿನಲ್ಲೂ ಅದೇ ಕತೆ. 2021ರಲ್ಲಿ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷವಾಯಿತು. ಯಾವುದು ಸರಿ ಎಂಬುದು ಬೇರೆ ಚರ್ಚೆ. ನಡುವೆ ಸಿಕ್ಕಿಕೊಂಡ ಮಕ್ಕಳಲ್ಲಿ, ಇನ್ನೊಂದು ವರ್ಷದ ಫೀಸು, ಇನ್ನೊಂದು ವರ್ಷದ ಕೂಲಿ ಅಂತ ಲೆಕ್ಕ ಹಾಕಿದವರು ಯಾರ ಮನೆಯವರು?

ಆದ್ದರಿಂದ ಗೆಳೆಯರೆ, ಈ ಪಾಠವನ್ನು ಬಿಟ್ಟು ಬರಬೇಡಿ. ನಮ್ಮ ಮಕ್ಕಳು ಈ ಪೇಪರನ್ನು ಓದಬೇಕು, ನಿರ್ವಹಿಸುವ ಕುರ್ಚಿಯಲ್ಲೂ ಕೂರಬೇಕು. ಆದರೆ ಹೊಸದು ಯಾವುದೇ ಬರಲಿ, ಮೂರು ಮಾತು ಕೇಳಿ. ಇದು ಸೋತರೆ ಯಾರ ಒಲೆ ಆರುತ್ತದೆ? ಇದು ಗೆದ್ದರೆ ಮುಂದಿನ ವರ್ಷದ ಬೀಜ ಯಾರ ಮಡಕೆಯಲ್ಲಿರುತ್ತದೆ? ಈಗ ಈ ಕೆಲಸದಲ್ಲಿ ಕೈಯಿಟ್ಟಿರುವವನನ್ನು ಒಂದು ಮಾತು ಕೇಳಿದಿರಾ? ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಹಿಂದಿನ ಬೆಂಚಿನ ಹುಡುಗಿ ಉತ್ತರ ಹೇಳಲು ತಡಮಾಡಿದರೆ ಅವಳನ್ನು ದಡ್ಡಿ ಅನ್ನಬೇಡಿ. ತಪ್ಪು ಹೇಳಿದರೆ ಏನಾಗುತ್ತದೆ ಅಂತ ಅವಳು ಅಳೆಯುತ್ತಿರಬಹುದು.

ಕಡೆಗೆ ಒಂದು ತಪ್ಪೊಪ್ಪಿಗೆ. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ ಬಂತು: ಲ್ಯಾಗರ್ಡ್ಸ್ ಎಂದರೆ ಯಾರು, ವಿವರಿಸಿ. ಮೇಲೆ ಬರೆದಿದ್ದೆಲ್ಲ ಆಗಲೇ ನಮ್ಮ ಮನಸ್ಸಿನಲ್ಲಿತ್ತು. ಆದರೂ ಪುಸ್ತಕದಲ್ಲಿ ಇದ್ದದ್ದನ್ನೇ ಬರೆದೆವು. ಸಂಪ್ರದಾಯಕ್ಕೆ ಅಂಟಿಕೊಂಡವರು, ಹೊಸದನ್ನು ಅನುಮಾನಿಸುವವರು, ಓದು ಕಡಿಮೆ ಇರುವವರು ಅಂತ. ಪಾಸಾಗಬೇಕಿತ್ತು. ಫೇಲಾದರೆ ಸ್ಕಾಲರ್‌ಶಿಪ್ ನಿಲ್ಲುತ್ತಿತ್ತು, ಇನ್ನೊಂದು ಸಲ ಫೀಸು ಕಟ್ಟುವ ಶಕ್ತಿ ಮನೆಗಿರಲಿಲ್ಲ. ತಾತ ಬದುವಿನ ಮೇಲೆ ನಿಂತು ಹಾಕಿದ ಲೆಕ್ಕವನ್ನೇ ಆ ಪರೀಕ್ಷೆಯ ಹಾಲಿನಲ್ಲಿ ನಾವೂ ಹಾಕಿದೆವು. ಆ ಲೆಕ್ಕ ಹಾಕುವಾಗಲೇ ತಾತನನ್ನು ಲ್ಯಾಗರ್ಡ್ ಎಂದು ನಮ್ಮ ಕೈಯಾರೆ ಬರೆದೆವು.

ಐದಕ್ಕೆ ನಾಲ್ಕು ಅಂಕ ಬಂತು. ಆ ನಾಲ್ಕು ಅಂಕ ತಾತನದು. ವಾಪಸು ಕೊಡುವುದು ಬಾಕಿ ಇದೆ.